ನೀಲಮ್ಮ ಹೇಳಿದ್ದು, ನಾನು ಹೇಳಿದ್ದು

ನೀಲಮ್ಮನವರು ಕನ್ನಡದಲ್ಲಿ ಹೇಳಿದ್ದು ಒಂದು, ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇನ್ನೊಂದು. ಪ್ರಿನ್ಸಿಪಾಲರ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ ಎಂದುಕೊಂಡಿದ್ದೆ — ಆ ಧೈರ್ಯದಲ್ಲೇ ನನ್ನ ತಪ್ಪನ್ನು ಅವರ ಬಾಯಿಂದ ಬಂದ ಮಾತಿನ ಹಾಗೆ ಮಾಡಿ ಅವರ ತಲೆಗೇ ಕಟ್ಟಿದೆ. ಅವರು ನನ್ನ ಪಕ್ಕದ ಕುರ್ಚಿಯಲ್ಲಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ನನ್ನನ್ನು ನಂಬಿ ಕೂತಿದ್ದರು.

ಇದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಗಂಡನಿಗೂ ಇಲ್ಲ. ಎಷ್ಟೋ ಸಲ ಬಾಯಿಗೆ ಬಂದದ್ದನ್ನು ನುಂಗಿದ್ದೇನೆ. ನುಂಗಿ ನುಂಗಿ ಅದು ಅಭ್ಯಾಸವಾಗಿ, ಕೊನೆಗೆ ನಡೆದೇ ಇಲ್ಲವೇನೋ ಎಂಬಂತೆ ಬದುಕಲು ಕಲಿತಿದ್ದೆ. ಹಾಗೆ ಕಲಿತದ್ದೂ ನನ್ನ ತಪ್ಪಿನ ಲೆಕ್ಕಕ್ಕೇ ಸೇರಬೇಕು.

ನಾನು ಅಮೆರಿಕದ ಸ್ಯಾನ್ ಹೊಸೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಲೈಬ್ರರಿಯಲ್ಲಿ ಸಹಾಯಕಿ. ಹಾಸನದವಳು; ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. ಮಗಳು ಸಿರಿ ಶಾಲೆಗೆ ಸೇರಿದ ಮೇಲೆ ಈ ಕೆಲಸ ಸಿಕ್ಕಿತು, ಆಗ ಅರ್ಧ ದಿನದ್ದು. ಹಿಂದಿರುಗಿದ ಪುಸ್ತಕಗಳನ್ನು ಅವುಗಳ ಜಾಗಕ್ಕೆ ಸೇರಿಸುವುದು, ಹರಿದ ಹಾಳೆಗೆ ಟೇಪು ಅಂಟಿಸುವುದು, ಗಲಾಟೆ ಮಾಡುವ ಮಕ್ಕಳಿಗೆ 'ಶ್' ಎನ್ನುವುದು. ನಮ್ಮ ಕಡೆಯವರ ಮನೆಗಳಲ್ಲಿ ಊಟಕ್ಕೆ ಸೇರಿದಾಗ ಮೊದಲು ಬರುವ ಪ್ರಶ್ನೆ, "ಯಾವ ಕಂಪನಿ?" ಅಂತ. ನಾನು "ಸ್ಕೂಲ್ ಡಿಸ್ಟ್ರಿಕ್ಟಲ್ಲಿ" — ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿ ಅದು — ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಕೆಲಸ ಸಣ್ಣದೆಂದು ಯಾರೂ ಹಂಗಿಸಿರಲಿಲ್ಲ. ಹಂಗಿಸಿಕೊಳ್ಳುತ್ತಿದ್ದವಳು ನಾನೇ. ಯಾರಾದರೂ ನನ್ನನ್ನು ಗಮನಿಸಲಿ ಎಂಬ ಹಸಿವು ಎಷ್ಟು ಜೋರಾಗಿತ್ತೆಂದು ಆಗ ನನಗೇ ತಿಳಿದಿರಲಿಲ್ಲ.

ಹೊಸ ಪ್ರಿನ್ಸಿಪಾಲ್ ಬಂದರು. ಉತ್ಸಾಹದ ಹೆಂಗಸು. ಮಕ್ಕಳ ಮನೆಮಾತಿನ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಟ್ಟು, ಲೈಬ್ರರಿಯಲ್ಲಿ ಒಂದು ಕಪಾಟು ತುಂಬಬೇಕೆಂಬುದು ಅವರ ಆಸೆ. ಮಗು ಪುಸ್ತಕದ ಜೊತೆ ಅಂಗೈಯಗಲದ ಒಂದು ಪ್ಲೇಯರನ್ನೂ ಮನೆಗೆ ಒಯ್ಯುತ್ತದೆ. ದನಿ ಕೇಳುತ್ತಾ ಪುಟ ತಿರುಗಿಸುತ್ತದೆ. ಸ್ಪ್ಯಾನಿಷ್, ವಿಯೆಟ್ನಾಮೀಸ್, ಚೀನಿ ಭಾಷೆಗಳಿಗೆ ಪ್ರಕಾಶಕರೇ ಮಾಡಿ ಮಾರುವ ಧ್ವನಿಪುಸ್ತಕಗಳಿದ್ದವು. ಕನ್ನಡಕ್ಕೆ ಇರಲಿಲ್ಲ. ಒಂದು ದಿನ ಅವರು ನನ್ನ ಮೇಜಿನ ಹತ್ತಿರ ತಾವಾಗಿಯೇ ಬಂದು, "ಪ್ರಭಾ, ನಿನ್ನ ಭಾಷೆ ಕನ್ನಡ ಅಲ್ಲವೇ?" ಎಂದು ಕೇಳಿದರು. ಅಲ್ಲಿಯವರೆಗೆ ಅವರು ನನ್ನ ಹತ್ತಿರ ಆಡಿದ್ದು ಸ್ಟೇಪ್ಲರಿನ ವಿಷಯ ಮಾತ್ರ. ನಾನು ಮಾಡಿಕೊಡುತ್ತೇನೆ ಅಂದೆ. "ಬರೆದವರ ಒಪ್ಪಿಗೆ ಬೇಕಾಗುತ್ತದೆ, ಮರೆಯಬೇಡ" ಅಂದರು. "ಖಂಡಿತ" ಅಂದೆ.

ಊರಿಗೆ ಹೋದಾಗಲೆಲ್ಲ ಸೂಟ್‌ಕೇಸಿನಲ್ಲಿ ಮಕ್ಕಳ ಪುಸ್ತಕ ತಂದು ಲೈಬ್ರರಿಗೆ ಕೊಡುತ್ತಿದ್ದೆ. ಅವುಗಳಲ್ಲಿ ಮಕ್ಕಳು ಬಿಡದೆ ಒಯ್ಯುತ್ತಿದ್ದದ್ದು ಮೈಸೂರಿನ ಒಬ್ಬ ಲೇಖಕಿಯ ಪುಸ್ತಕಗಳು — ಬಸ್ಸು ಹತ್ತಿ ಸಂತೆಗೆ ಹೋಗುವ ಮೇಕೆ, ಸ್ನಾನವೆಂದರೆ ಓಡಿಹೋಗುವ ಕಾಗೆಮರಿ. ಪುಟಕ್ಕೆರಡು ಸಾಲು, ಆ ಎರಡು ಸಾಲಿನಲ್ಲೇ ನಗು. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಒಮ್ಮೆ ಅನುಮತಿಯಿಲ್ಲದೆ ಬಳಸಿದ್ದು ಸಾಕು.

ಮೊದಲು ನಾನೇ ಓದಿ ನೋಡಿದೆ. ಕೇಳಿದ ಸಿರಿ, "ಅಮ್ಮಾ, ಯು ಸೌಂಡ್ ಲೈಕ್ ದಿ ಏರ್‌ಪೋರ್ಟ್" ಅಂದಳು. ನಿಜವೇ. ಮೇಕೆ ಬಸ್ಸು ಹತ್ತಿತೆಂದು ಓದಿದ್ದು, ವಿಮಾನ ಹೊರಡುತ್ತಿದೆ ಎಂದು ಸಾರಿದ ಹಾಗಿತ್ತು.

ನೀಲಮ್ಮನವರ ನೆನಪಾದದ್ದು ಆಗ. ಮೂರನೇ ಕ್ಲಾಸಿನ ಇಳಾಳ ಅಜ್ಜಿ ಅವರು; ಗದಗಿನ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗ ಬಸವರಾಜ ಕರೆಸಿಕೊಂಡಿದ್ದ. ಮೊಮ್ಮಗಳನ್ನು ಕರೆದೊಯ್ಯಲು ಗಂಟೆ ಹೊಡೆಯುವ ಮೊದಲೇ ಬಂದು ಲೈಬ್ರರಿಯಲ್ಲಿ ಕೂರುತ್ತಿದ್ದರು. ಬುಧವಾರ ಶಾಲೆ ಬೇಗ ಬಿಡುತ್ತದೆ. ಅಂದು ಇಳಾಳನ್ನು ಪಕ್ಕ ಕೂರಿಸಿಕೊಂಡು ಕನ್ನಡ ಪುಸ್ತಕ ಓದಿ ಹೇಳುವರು. ಮೆಲ್ಲಗೆ ಬೇರೆ ಮಕ್ಕಳೂ ಬಂದು ಸೇರುವರು — ಕನ್ನಡದ ಗಂಧಗಾಳಿ ಇಲ್ಲದವರೂ. ಮೇಕೆಗೆ ಟಿಕೆಟ್ ಕೊಡಲೊಪ್ಪದ ಕಂಡಕ್ಟರನ ದನಿ ತೆಗೆದರೆ, ಒಬ್ಬ ಮೆಕ್ಸಿಕನ್ ಹುಡುಗಿ ನಕ್ಕು ನಕ್ಕು ಕಾರ್ಪೆಟ್ಟಿನ ಮೇಲೆ ಉರುಳುತ್ತಿದ್ದಳು. ಎಲ್ಲಿ ಕಲಿತಿರಿ ಆಂಟಿ ಎಂದು ಕೇಳಿದ್ದೆ. "ನಮ್ಮವ್ರಿಗೆ ಕಡೀ ಕಡೀಗೆ ಕಣ್ಣ ಕಾಣ್ತಿರಲಿಲ್ಲವಾ. ದಿನಾ ಮುಂಜಾನೆ ಪೇಪರ್ ಓದಿ ಹೇಳ್ತಿದ್ದೆ. ಸುಮ್ಮ ಓದಿದ್ರ ಸಿಟ್ಟಾಗವ್ರು. ಯಾರ್ ಹೆಂಗ ಮಾತಾಡ್ಯಾರ ಹಂಗ ಓದು ಅನ್ನವ್ರು" ಅಂದಿದ್ದರು.

ದನಿ ಸಿಕ್ಕಿತು. ಒಪ್ಪಿಗೆ ಉಳಿದಿತ್ತು.

ಲೇಖಕಿಯ ನಂಬರು ಹೇಗೋ ದೊರಕಿಸಿ, ದಿನಸಿ ಅಂಗಡಿಯ ಪಾರ್ಕಿಂಗಿನಲ್ಲಿ ಕಾರಿನಲ್ಲೇ ಕೂತು ಫೋನ್ ಮಾಡಿದೆ. ವಯಸ್ಸಾದ ದನಿ, ಆದರೆ ಚುರುಕು. ಅಮೆರಿಕದ ಶಾಲೆಯಲ್ಲಿ ತನ್ನ ಪುಸ್ತಕ ಇದೆ ಎಂದು ಕೇಳಿ ಅವರಿಗೆ ಸಂತೋಷವೇ ಆಯಿತು. ರೆಕಾರ್ಡಿಂಗ್ ಎಂದ ಕೂಡಲೇ ತಡೆದರು. "ಬೇಡಮ್ಮ. ಮಕ್ಕಳಿಗೆ ಓದಿ ಹೇಳಿ, ಎಷ್ಟು ಸಲ ಬೇಕಾದ್ರೂ ಹೇಳಿ, ಅದಕ್ಕೆ ನನ್ನ ಕೇಳೋದೇ ಬೇಡ. ಆದರೆ ರೆಕಾರ್ಡ್ ಮಾಡಿಡೋದು ಅಂದ್ರೆ ಇನ್ನೊಂದು ಪುಸ್ತಕ ಅಚ್ಚು ಹಾಕಿದ ಹಾಗೆ. ಆ ಹಕ್ಕನ್ನ ಇಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆಯೋರಿಗೆ ಕೊಟ್ಟಿದ್ದೀನಿ. ಮೊದಲ ಧ್ವನಿಪುಸ್ತಕ ಅವರದ್ದೇ ಆಗಲಿ ಅಂತ ಮಾತು ಕೊಟ್ಟಿದ್ದೀನಿ. ಅವರದ್ದು ಬಂದ ಮೇಲೆ ಕೇಳಿ, ನೋಡೋಣ."

ಎಷ್ಟು ಸ್ಪಷ್ಟವಾಗಿ ಹೇಳಿದ್ದರು! ಕೇಳಿಸಲಿಲ್ಲ ಎನ್ನಲಾರೆ, ತಪ್ಪು ತಿಳಿದೆ ಎನ್ನಲಾರೆ. "ಆಯ್ತು ಮೇಡಂ" ಎಂದು ಫೋನಿಟ್ಟೆ. ಮೈಸೂರೆಲ್ಲಿ, ಸ್ಯಾನ್ ಹೊಸೆಯ ಒಂದು ಶಾಲೆಯ ಕಪಾಟೆಲ್ಲಿ — ಯಾರಿಗೆ ಗೊತ್ತಾಗುತ್ತದೆ? ತರಕಾರಿ ಕೊಂಡು ಮನೆ ಮುಟ್ಟುವಷ್ಟರಲ್ಲಿ ತೀರ್ಮಾನವಾಗಿತ್ತು. ಮರುದಿನ ಪ್ರಿನ್ಸಿಪಾಲರಿಗೆ ಹೇಳಿದೆ: ಒಪ್ಪಿಗೆ ಸಿಕ್ಕಿದೆ.

ಲೈಬ್ರರಿಯ ಹಿಂದೆ ಹರಿದ ಪುಸ್ತಕ ರಿಪೇರಿ ಮಾಡುವ ಸಣ್ಣ ಕೋಣೆಯಿತ್ತು. ಅಲ್ಲಿ ನೀಲಮ್ಮನವರನ್ನು ಕೂರಿಸಿ, ಎದುರಿಗೆ ಮೈಕಿಟ್ಟೆ. ಅವರು ಕನ್ನಡಕ ಒರೆಸಿಕೊಂಡರು. ಓದಲು ಶುರು ಮಾಡಲಿಲ್ಲ.

"ಬರದಾಕಿ ಹೂಂ ಅಂದಾಳಲ್ಲ?" ಎಂದು ಕೇಳಿದರು.

"ಹೂಂ ಅಂದಿದ್ದಾರೆ ಆಂಟಿ. ತುಂಬ ಖುಷಿಯಿಂದ ಅಂದರು."

ಬರಿಯ 'ಹೂಂ' ಸಾಕಿತ್ತು. ಆ 'ಖುಷಿ'ಯನ್ನು ಯಾಕೆ ಸೇರಿಸಿದೆ — ಈಗಲೂ ನನಗೆ ತಿಳಿಯುವುದಿಲ್ಲ. ಸುಳ್ಳಿಗೆ ಒಗ್ಗರಣೆ ಹಾಕುವಷ್ಟು ಹಗುರ ಮನಸ್ಸು ಆಗಲೇ ಬಂದಿತ್ತೇ?

ಅವರ ಮುಖ ಅರಳಿತು. ಹಾಗಿದ್ದರೆ ಪ್ರತಿ ಕಥೆಯ ಮೊದಲು ಲೇಖಕಿಯ ಹೆಸರು ಹೇಳಿಯೇ ಓದುತ್ತೇನೆ ಎಂದರು. ಬೇಡ ಎನ್ನಲು ನನಗೆ ಕಾರಣ ಹೊಳೆಯಲಿಲ್ಲ. ಹೀಗೆ ಪ್ರತಿ ಕಥೆಯೂ ಅವರ ದನಿಯಲ್ಲಿ ಒಂದೇ ರೀತಿ ಶುರುವಾಗುತ್ತಿತ್ತು: ಇದನ್ನು ಬರೆದವರು ಇಂಥವರು; ಅವರ ಒಪ್ಪಿಗೆ ಪಡೆದು ನಿಮಗಾಗಿ ಓದುತ್ತಿರುವವಳು ನೀಲಮ್ಮ. ಅವರ ಬಾಯಿಂದ ನನ್ನ ಸುಳ್ಳು, ಅಷ್ಟು ಪ್ರೀತಿಯಿಂದ. ಮೈಕಿನ ಹಿಂದೆ ಕೂತು ನಾನು ತಲೆಯಾಡಿಸುತ್ತಿದ್ದೆ.

ಕಪಾಟು ತೆರೆದ ದಿನ ಡಿಸ್ಟ್ರಿಕ್ಟಿನವರು ಬಂದು ಫೋಟೋ ತೆಗೆದರು. ಫೋಟೋದಲ್ಲಿ ನಾನಿದ್ದೆ, ಪ್ರಿನ್ಸಿಪಾಲರಿದ್ದರು. ನೀಲಮ್ಮನವರು ಮಕ್ಕಳ ಹಿಂದೆ ಎಲ್ಲೋ ನಿಂತಿದ್ದರು. ಅವರನ್ನು ಮುಂದಕ್ಕೆ ಕರೆಯಬೇಕೆಂದು ನನಗೆ ತೋಚಲಿಲ್ಲ. ನನ್ನ ಕೆಲಸವನ್ನು ಪೂರ್ಣಾವಧಿ ಮಾಡುವ ಮಾತು ಆ ವಾರವೇ ಬಂತು. ಊಟಕ್ಕೆ ಸೇರುವ ಮನೆಗಳಲ್ಲಿ ನಾನೀಗ ಮಾತು ಬದಲಿಸುತ್ತಿರಲಿಲ್ಲ. "ಲೈಬ್ರರಿಯಲ್ಲಿ ಕನ್ನಡ ಆಡಿಯೋ ಪ್ರಾಜೆಕ್ಟ್ ನಡೆಸ್ತಿದ್ದೀನಿ" ಎನ್ನುತ್ತಿದ್ದೆ.

ನಂತರ ಆಗಬೇಕಾದದ್ದೇ ಆಯಿತು. ಯಾರೋ ತಾಯಿ ಮಗುವಿನ ಪ್ಲೇಯರಿನಿಂದ ಮೇಕೆಯ ಕಥೆಯನ್ನು ಫೋನಿಗೆ ಇಳಿಸಿಕೊಂಡು ತಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ಎಷ್ಟು ಚೆನ್ನಾಗಿ ಓದಿದ್ದಾರೆ ನೋಡಿ ಎಂದು ಅದು ಒಬ್ಬರಿಂದೊಬ್ಬರಿಗೆ ಹೋಗಿ ಮೈಸೂರು ತಲುಪಿತು. ಅಲ್ಲಿಯ ಒಂದು ಶಾಲೆಗೆ ಲೇಖಕಿ ಕಥೆ ಹೇಳಲು ಹೋದಾಗ, ಒಂದು ಮಗು ಎದ್ದು ನಿಂತು, "ಇದನ್ನ ಅಮೆರಿಕಾ ಅಜ್ಜಿ ಹೇಳಿದ್ದಾರೆ" ಅಂದಿತಂತೆ. ಆಕೆ ನಮ್ಮ ಶಾಲೆಗೆ ದೂರು ಬರೆದರು. ಬೇಡವೆಂದಿದ್ದನ್ನು ಮಾಡಿದ್ದೂ ಅಲ್ಲದೆ, ತನ್ನ ಒಪ್ಪಿಗೆಯಿದೆ ಎಂದು ಓದಿದ ಹೆಂಗಸೇ ರಾಜಾರೋಷವಾಗಿ ಹೇಳುತ್ತಾಳಲ್ಲ ಎಂಬುದು ಅವರ ಸಿಟ್ಟು. ಫೋನಿನಲ್ಲಿ ನಾನು ಹೆಸರು ಹೇಳಿರಲಿಲ್ಲ; ದೂರಿನಲ್ಲಿದ್ದದ್ದು ನೀಲಮ್ಮನವರ ಹೆಸರೊಂದೇ.

ಪ್ರಿನ್ಸಿಪಾಲರು ಮೊದಲು ನನ್ನೊಬ್ಬಳನ್ನೇ ಕರೆದು ಕೇಳಿದರು. ಆಗಲಾದರೂ ಹೇಳಬಹುದಿತ್ತು — ಬಾಗಿಲು ತೆರೆದೇ ಇತ್ತು. ನಾನು, "ನಾನು ಒಪ್ಪಿಗೆ ಸಿಕ್ಕಿದೆ ಎಂದದ್ದು ಮಕ್ಕಳೆದುರು ಓದುವುದಕ್ಕೆ... ರೆಕಾರ್ಡಿಂಗಿನ ವಿಷಯದಲ್ಲಿ ಎಲ್ಲೋ ತಪ್ಪು ತಿಳಿವಳಿಕೆ ಆಗಿರಬೇಕು" ಎಂದೆ. ಹಾಗಿದ್ದರೆ 'ಒಪ್ಪಿಗೆ ಪಡೆದು' ಎಂದು ರೆಕಾರ್ಡಿಂಗಿನಲ್ಲಿ ಹೇಳಿದ್ದೇಕೆ? ಆ ಅಜ್ಜಿಯನ್ನೇ ಕರೆಸಿ, ಅವರ ಬಾಯಿಂದಲೇ ಕೇಳೋಣ, ನೀನು ಅನುವಾದ ಮಾಡು ಎಂದರು. ಡಿಸ್ಟ್ರಿಕ್ಟಿಗೆ ಅವರು ವರದಿ ಕೊಡಬೇಕಿತ್ತು.

ನೀಲಮ್ಮನವರು ಒಗೆದು ಇಸ್ತ್ರಿ ಮಾಡಿದ ಇಳಕಲ್ ಸೀರೆಯುಟ್ಟು, ಅದರ ಮೇಲೊಂದು ಸ್ವೆಟರ್ ಹಾಕಿಕೊಂಡು ಬಂದರು. ಏನೋ ಸನ್ಮಾನವಿರಬಹುದು ಎಂದುಕೊಂಡಿದ್ದರೋ ಏನೋ... ಪ್ರಿನ್ಸಿಪಾಲರು ದೂರಿನ ವಿಷಯ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಅಲ್ಲಿಯವರೆಗೆ ಸರಿಯಾಗಿಯೇ ಹೇಳಿದೆ. ಆಮೇಲೆ ಅವರು ಕೇಳಿದರು: "ಒಪ್ಪಿಗೆ ಇದೆ ಎಂದು ಅವರಿಗೆ ಹೇಳಿದವರು ಯಾರು?"

"ಒಪ್ಪಿಗೆ ಇದೆ ಅಂತ ನಿಮಗೆ ಯಾರು ಹೇಳಿದ್ರು ಅಂತ ಕೇಳ್ತಿದ್ದಾರೆ ಆಂಟಿ."

ಅವರು ನನ್ನ ಕಡೆ ತಿರುಗಿದರು. ಇದೇನು ಹೀಗೆ ಕೇಳುತ್ತೀ ಎಂಬ ಅಚ್ಚರಿ ಆ ಮುಖದಲ್ಲಿತ್ತು, ಆಪಾದನೆ ಇರಲಿಲ್ಲ.

"ನೀನ ಹೇಳಿದ್ದೆಲ್ಲವಾ ಪ್ರಭಾ. ಬರದಾಕಿ ಖುಷಿಯಿಂದ ಹೂಂ ಅಂದಾಳ ಅಂತ."

ನಾನು ಪ್ರಿನ್ಸಿಪಾಲರ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ತಡವರಿಸದೆ ಹೇಳಿದೆ: "ತನಗೆ ಯಾರೂ ಹೇಳಲಿಲ್ಲ ಅಂತಾರೆ. ಕ್ಲಾಸಿನಲ್ಲಿ ಓದಬಹುದು ಎಂದಿದ್ದನ್ನು, ರೆಕಾರ್ಡ್ ಮಾಡಬಹುದು ಎಂದು ತಿಳಿದರಂತೆ. ನಾನಿಲ್ಲದಾಗ ತಾವೇ ರೆಕಾರ್ಡ್ ಮಾಡಿ ನನಗೆ ಕೊಟ್ಟರು. ನಾನು ವಿಚಾರಿಸಬೇಕಿತ್ತು. ಅವರಿಗೆ ಬಹಳ ಬೇಜಾರಾಗಿದೆ, ಕ್ಷಮಿಸಿ ಅಂತಿದ್ದಾರೆ."

'ನಾನು ವಿಚಾರಿಸಬೇಕಿತ್ತು' — ಎಷ್ಟು ಜಾಣತನ! ಸುಳ್ಳು ನಿಜದಂತೆ ಕಾಣಲು ನನ್ನ ಮೇಲೂ ಒಂದು ಚಿಟಿಕೆ ತಪ್ಪು ಉದುರಿಸಿಕೊಂಡೆ.

ಪ್ರಿನ್ಸಿಪಾಲರ ಮುಖ ಮೆತ್ತಗಾಯಿತು. ಈ ಅಜ್ಜಿ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆಂದು ನಮಗೆ ಗೊತ್ತು, ಹೇಳು, ಎಂದರು. ಅದನ್ನು ಮಾತ್ರ ನಾನು ಅಕ್ಷರಶಃ ಅನುವಾದಿಸಿದೆ. ನೀಲಮ್ಮನವರು ಮಡಿಲ ಚೀಲದ ಹಿಡಿಯನ್ನು ನೋಡುತ್ತಾ ಕೂತಿದ್ದರು. ಆಮೇಲೆ ತಲೆಯೆತ್ತಿ, ಪ್ರಿನ್ಸಿಪಾಲರಿಗೆ, "ಥ್ಯಾಂಕ್ ಯೂ ಮೇಡಂ" ಅಂದರು.

ಹೊರಗೆ ಕಾರಿಡಾರಿನಲ್ಲಿ ಮಕ್ಕಳ ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದರು. ಅವುಗಳ ಮುಂದೆ ಅವರು ನಿಂತರು. ನಾನು ಏನೋ ಹೇಳಲು ಬಾಯಿ ತೆರೆದೆ.

"ಇಂಗ್ಲಿಷ್ ನನಗ ಮಾತಾಡಾಕ ಬರೂದಿಲ್ಲ ಪ್ರಭಾ," ಅಂದರು. "ತಿಳೀತದ."

ಅಷ್ಟೇ. ಇಳಾಳ ಕ್ಲಾಸಿನ ಕಡೆ ನಡೆದುಹೋದರು.

ಇಲ್ಲಿ ಹುಟ್ಟಿದ ಮಕ್ಕಳ ಬಗ್ಗೆ ನಾನೇ ಎಷ್ಟು ಸಲ ಹೇಳಿದ್ದೇನೆ — ಕನ್ನಡದಲ್ಲಿ ಉತ್ತರ ಕೊಡದಿದ್ದರೂ ಅವಕ್ಕೆಲ್ಲ ಅರ್ಥವಾಗುತ್ತದೆ, ಹುಷಾರಾಗಿ ಮಾತಾಡಿ ಎಂದು. ಅದೇ ಬುದ್ಧಿಯನ್ನು ಒಬ್ಬ ಹಿರಿಯ ಹೆಂಗಸಿನ ವಿಷಯಕ್ಕೆ ಹಚ್ಚಿ ನೋಡಲಿಲ್ಲ. ಮಾತಾಡದವರಿಗೆ ತಿಳಿಯುವುದೂ ಇಲ್ಲ ಎಂದುಕೊಂಡಿದ್ದೆ. ಅಲ್ಲ, ಇದೂ ಪೂರ್ತಿ ನಿಜವಲ್ಲ. ತಿಳಿಯುವುದಿಲ್ಲ ಎಂಬ ನಂಬಿಕೆ ಆಗ ನನಗೆ ಬೇಕಾಗಿತ್ತು.

ರೆಕಾರ್ಡಿಂಗುಗಳನ್ನೆಲ್ಲ ಒಂದೊಂದೇ ಪ್ಲೇಯರಿನಿಂದ ನಾನೇ ಅಳಿಸಿದೆ. ಇನ್ನು ಮುಂದೆ ತರಬೇತಿಯಿಲ್ಲದ ಹೊರಗಿನವರು ಲೈಬ್ರರಿಯಲ್ಲಿ ಮಕ್ಕಳಿಗೆ ಓದುವಂತಿಲ್ಲ ಎಂದು ನಿಯಮ ಬಂತು. ನೀಲಮ್ಮನವರ ಬುಧವಾರಗಳು ನಿಂತವು. ಅವರು ಗೇಟಿನ ಹೊರಗಿನ ಬೆಂಚಿನಲ್ಲಿ ಕೂತು ಮೊಮ್ಮಗಳಿಗಾಗಿ ಕಾಯತೊಡಗಿದರು. ನಾನು ಕಾರು ನಿಲ್ಲಿಸುವ ಜಾಗವನ್ನು ಶಾಲೆಯ ಹಿಂಬದಿಗೆ ಬದಲಿಸಿಕೊಂಡೆ.

ಮಕ್ಕಳ ನಡುವೆ ಇಂಥ ಸುದ್ದಿ ಅಡಗುವುದಿಲ್ಲ. 'ನಿನ್ನ ಅಜ್ಜಿಯನ್ನು ಪ್ರಿನ್ಸಿಪಾಲರ ರೂಮಿಗೆ ಕರೆದಿದ್ದರಂತೆ, ಕದ್ದಿದ್ದಕ್ಕೆ' ಎಂದು ಯಾರೋ ಇಳಾಳಿಗೆ ಅಂದರು. ಒಂದು ಮಧ್ಯಾಹ್ನ ಅವಳು ಲೈಬ್ರರಿಗೆ ಬಂದು, ನನ್ನ ಮೇಜಿನ ಅಂಚಿಗೆ ಗಲ್ಲವಿಟ್ಟು ಕೇಳಿದಳು: "ಆಂಟಿ, ಡಿಡ್ ಮೈ ಅಜ್ಜಿ ಸ್ಟೀಲ್ ಇಟ್?"

ನಾನು ಅವಳಿಗೆ ಹೇಳಿದ್ದು: "ಅವರಿಗೆ ಗೊತ್ತಿರಲಿಲ್ಲ ಪುಟ್ಟಾ. ಬೇಕಂತ ಮಾಡಿದ್ದಲ್ಲ."

ಕೋಣೆಯೊಳಗೆ ಆಡಿದ ಸುಳ್ಳು ಹೆದರಿಕೆಯಿಂದ ಬಂದದ್ದು ಎಂದು ನನಗೆ ನಾನೇ ಹೇಳಿಕೊಂಡಿದ್ದುಂಟು. ಈ ಸುಳ್ಳಿಗೆ ಏನು ಹೇಳಲಿ? ಎದುರಿಗಿದ್ದದ್ದು ಎಂಟು ವರ್ಷದ ಮಗು. ನಾಯಿಮರಿಯ ತಲೆ ಸವರಿದ ಹಾಗೆ ಅವಳ ತಲೆ ಸವರಿ ಕಳಿಸಿದೆ.

ಆಮೇಲೆ ಇಳಾಳ ಕುಟುಂಬ ದಕ್ಷಿಣದ ಊರಾದ ಗಿಲ್‌ರಾಯ್‌ನಲ್ಲಿ ಮನೆ ಕೊಂಡು ಹೋಯಿತು. ಅವರು ಹೋದರೆಂದು ತಿಳಿದ ದಿನ ನನಗೆ ನಿರಾಳವಾಯಿತು — ಇದನ್ನೂ ಬರೆಯಲೇಬೇಕು. ನನ್ನ ಕೆಲಸ ಪೂರ್ಣಾವಧಿಯಾಯಿತು. ಪ್ರಿನ್ಸಿಪಾಲರು ನಿವೃತ್ತರಾದರು. ಸಿರಿ ಕಾಲೇಜಿಗೆ ಹೋದಳು. ನಾನು ಒಳ್ಳೆಯವಳೇ ಎಂದು ನನ್ನ ಸುತ್ತಲಿನವರು ನಂಬಿದ್ದರು. ನಾನೂ ಬಹುಮಟ್ಟಿಗೆ ನಂಬಿದ್ದೆ.

ಕಳೆದ ರಾಜ್ಯೋತ್ಸವದವರೆಗೆ.

ಸ್ಯಾನ್ ಹೊಸೆಯ ಹೈಸ್ಕೂಲೊಂದರ ಸಭಾಂಗಣದಲ್ಲಿ ನಮ್ಮವರ ಕಾರ್ಯಕ್ರಮ. ದೊಡ್ಡ ಮಕ್ಕಳ ಭಾಷಣಸ್ಪರ್ಧೆಯಲ್ಲಿ ಇಳಾ ವೇದಿಕೆಗೆ ಬಂದಳು. ಅವಳೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟು ಎತ್ತರವಾಗಿದ್ದಳು. ಕನ್ನಡದಲ್ಲಿ ನಮಸ್ಕಾರ ಹೇಳಿ, ಇಂಗ್ಲಿಷಿಗೆ ತಿರುಗಿದಳು. ವಿಷಯ, ಬರೆದವರ ಹಕ್ಕು. ಯಾರದೋ ಬರಹ, ಯಾರದೋ ದನಿ ಇವತ್ತು ಕೇಳುವವರಿಲ್ಲದೆ ಎಲ್ಲೆಲ್ಲಿಗೋ ಹೋಗುತ್ತಿದೆ ಎಂದು ಚೆನ್ನಾಗಿಯೇ ಮಾತಾಡಿದಳು. ನಡುವೆ ನಿಂತು, ಇದು ನನ್ನ ಮನೆಯಲ್ಲೇ ಆದ ಕಥೆ ಎಂದಳು. ನನ್ನ ಅಜ್ಜಿ ಒಮ್ಮೆ ಹೀಗೆ ತಪ್ಪು ಮಾಡಿದರು. ಅವರು ಕೆಟ್ಟವರಲ್ಲ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಕಾನೂನು ಗೊತ್ತಿರಲಿಲ್ಲ, ಯಾರೂ ತಿಳಿಸಿ ಹೇಳಲಿಲ್ಲ. ನಾನು ಅವರ ಮೇಲೆ ಸಿಟ್ಟಾಗಿದ್ದೆ, ಅವರು ಓದಿದ್ದನ್ನು ಮತ್ತೆ ಕೇಳಲೇ ಇಲ್ಲ. ಈಗ ಕ್ಷಮಿಸಿದ್ದೇನೆ, ಎಂದಳು.

ಕ್ಷಮಿಸಿದ್ದೇನೆ! ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ನೀಲಮ್ಮನವರು ಕೂತಿದ್ದರು; ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೂ ತಟ್ಟಿದರು. ಮೊಮ್ಮಗಳ ಇಂಗ್ಲಿಷಿನ ಒಂದೊಂದು ಮಾತೂ ಅವರಿಗೆ ತಿಳಿದಿತ್ತೆಂದು ಆ ಸಭಾಂಗಣದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ನನ್ನ ಕೈಗಳೂ — ನಾನೂ ಚಪ್ಪಾಳೆ ತಟ್ಟಿದೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವರು, "ನನಗ್ಯಾಕೆ ಹೇಳ್ತಿದ್ದೀಯ? ಹೇಳಬೇಕಾದೋರು ಗಿಲ್‌ರಾಯ್‌ನಲ್ಲಿದ್ದಾರೆ" ಅಂದರು.

ಮುಂದಿನ ಭಾನುವಾರ ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋದೆ. ಊರು ಹತ್ತಿರವಾದಾಗ ಕಾರಿನ ಗಾಜು ಏರಿಸಿದ್ದರೂ, ಆ ಊರಿಗೆ ಹೆಸರು ತಂದ ಬೆಳ್ಳುಳ್ಳಿಯ ವಾಸನೆ ಒಳಗೆ ಬಂತು. ಬಸವರಾಜ ಊರಲ್ಲಿರಲಿಲ್ಲ, ಸೊಸೆ ಬಾಗಿಲು ತೆರೆದು, ಗುರುತು ಹಿಡಿದು, "ಬನ್ನಿ ಬನ್ನಿ" ಎಂದು ಸಂಭ್ರಮದಿಂದ ಕರೆದರು. ನೀಲಮ್ಮನವರು ಅಡುಗೆಮನೆಯ ಮೇಜಿನಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

ಸೊಸೆ ಅಂಗಡಿಗೆ ಹೋದ ಮೇಲೆ ಹೇಳಿದೆ. ಪೂರ್ತಿ ಹೇಳಿದೆ: ಲೇಖಕಿ ಬೇಡವೆಂದದ್ದು, ನಾನು ಹೂಂ ಅಂದರು ಎಂದದ್ದು. ಈ ಮೊದಲ ಸುಳ್ಳು ಅವರಿಗೂ ಗೊತ್ತಿರಲಿಲ್ಲ. ಲೇಖಕಿಯೇ ಮೊದಲು ಒಪ್ಪಿ ಆಮೇಲೆ ಮಾತು ತಪ್ಪಿದರು, ನಾನು ಹೆದರಿ ತಪ್ಪನ್ನು ನೀಲಮ್ಮನವರ ಮೇಲೆ ಹಾಕಿದೆ ಎಂದು ಇಷ್ಟು ವರ್ಷ ತಿಳಿದಿದ್ದರಂತೆ.

"ಅಂದ್ರ ಆಕಿ ಹೂಂ ಅಂದ ಇರಲಿಲ್ಲ," ಎಂದರು.

"ಇರಲಿಲ್ಲ ಆಂಟಿ."

"ನಾ ಆಕಿಗೆ ಮನಸಿನಾಗ ಎಷ್ಟ್ ಬೈದೀನಿ..."

ಅವರು ಸೊಪ್ಪನ್ನು ಬದಿಗೆ ಸರಿಸಿದರು. ಅಂದು ನನ್ನ ಸಲುವಾಗಿ ನೀವು ಸುಮ್ಮನಿದ್ದಿರಿ, ಅದನ್ನು ನಾನು... ಎಂದು ಏನೋ ಶುರು ಮಾಡಿದೆ. ಅವರು ತಡೆದರು. ಅಷ್ಟು ಸಿಟ್ಟಿನ ದನಿಯನ್ನು ನಾನು ಅವರ ಯಾವ ಕಥೆಯಲ್ಲೂ ಕೇಳಿರಲಿಲ್ಲ.

"ನಿನ್ನ ಸಲುವಾಗಿ ಸುಮ್ಮನಿದ್ದೆ ಅಂತ ತಿಳಕೊಂಡಿಯೇನ? ನನಗೇನ್ ನಿನ್ನ ಮ್ಯಾಲೆ ಅಷ್ಟ್ ಪ್ರೀತಿ ಉಕ್ಕಿತ್ತು? ಅಲ್ಲವಾ. ಹೇಳೂದಾದ್ರ ಹೆಂಗ ಹೇಳಲಿ? ಆ ಮೇಡಂ ಹತ್ರ ನನ್ನ ಮಾತು ಹೋಗ್ಬೇಕಂದ್ರ ನಿನ್ನ ಬಾಯಿಂದನ ಹೋಗಬೇಕಾಗಿತ್ತು."

ಇಷ್ಟು ವರ್ಷ ನಾನು ಅವರ ಮೌನವನ್ನು ದೊಡ್ಡತನವೆಂದು ಭಾವಿಸಿ, ಆ ದೊಡ್ಡತನದ ನೆರಳಲ್ಲಿ ಕೂತಿದ್ದೆ. ಅದು ದೊಡ್ಡತನವಾಗಿರಲಿಲ್ಲ. ಅವರಿಗೆ ಬೇರೆ ದಾರಿಯೇ ಇಲ್ಲದಂತೆ ಮಾಡಿದ್ದು ನಾನು.

ಮಗನಿಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಮಗನಿಗೆ ಆಗಲೇ ಹೇಳಿದ್ದರಂತೆ. ಅವನು, "ಹೋಗ್ಲಿ ಬಿಡವಾ, ನಿನಗ ಸರಿಯಾಗಿ ತಿಳಿದಿರಲಿಕ್ಕಿಲ್ಲ" ಅಂದನಂತೆ.

ಮೇಲಿನ ಕೋಣೆಯಿಂದ ಇಳಾಳನ್ನು ಕೂಗಿ ಕರೆದರು. "ಈಕಿಗೆ ಹೇಳು. ಇಂಗ್ಲಿಷಿನಾಗ ಹೇಳು. ನಾ ಕೇಳ್ತೀನಿ" ಅಂದರು.

ಹೇಳಿದೆ. ಇಳಾ ಮೆಟ್ಟಿಲ ಕೆಳಗೆ ಗೋಡೆಗೊರಗಿ ನಿಂತು ಕೇಳಿದಳು. ಎರಡು ಕಡೆ ನನ್ನ ಮಾತು ಮೆತ್ತಗೆ ಜಾರಲು ನೋಡಿತು — 'ನನಗೆ ಭಯವಾಗಿತ್ತು' ಎಂದು ಸೇರಿಸಲು, 'ಗೊಂದಲ' ಎಂಬ ಪದ ಬಳಸಲು. ನೀಲಮ್ಮನವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸೇರಿಸಲಿಲ್ಲ. 'ಐ ಲೈಡ್' ಎಂದೆ.

ಇಳಾ ನನ್ನನ್ನು ಬಯ್ಯಲಿಲ್ಲ. "ಐ ಆಸ್ಕ್ಡ್ ಯು," ಅಂದಳು. "ಐ ವಾಸ್ ಎ ಲಿಟಲ್ ಕಿಡ್, ಆಂಡ್ ಐ ಆಸ್ಕ್ಡ್ ಯು." ಮತ್ತೆ ಅಜ್ಜಿಯ ಕಡೆ ತಿರುಗಿ ಕನ್ನಡದಲ್ಲಿ, ಒಡೆದೊಡೆದು, "ಅಜ್ಜಿ, ನೀ ಯಾಕ ಹೇಳಲಿಲ್ಲ ನನಗ?" ಎಂದಳು.

"ಹೇಳಿದ್ನೆಲ್ಲ ತಂಗಿ. ನೀ ಬಾಗಲಾ ಹಾಕ್ಕೊಂಡಿ."

ಆ ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಅಜ್ಜಿ ಎದ್ದು ಹೋಗಿ ಪಕ್ಕದಲ್ಲಿ ಕೂತರು. ನಾನು ಅಲ್ಲಿರಬೇಕಾದವಳಲ್ಲ ಎಂದು ತಿಳಿದು ಹೊರಟೆ. ಯಾರೂ ತಡೆಯಲಿಲ್ಲ.

ಮೈಸೂರಿಗೆ ಫೋನ್ ಮಾಡಿದೆ. ಲೇಖಕಿಗೆ ಈಗ ಕಿವಿ ಸ್ವಲ್ಪ ಮಂದವಾಗಿದೆ; ಎಲ್ಲವನ್ನೂ ಗಟ್ಟಿಯಾಗಿ, ಕೆಲವನ್ನು ಎರಡೆರಡು ಸಲ ಹೇಳಬೇಕಾಯಿತು. ಕೇಳಿ ಮುಗಿಸಿ ಅವರು ಅಂದದ್ದು: "ಆ ಹೆಂಗಸಿನ ಬಗ್ಗೆ ನಾನು ಎಷ್ಟು ಸಭೆಗಳಲ್ಲಿ ಮಾತಾಡಿದ್ದೀನಿ ಗೊತ್ತೇನ್ರಿ ನಿಮಗೆ? ಅವರ ನಂಬರ್ ಕೊಡಿ." ಈ ಸಲ ನೀಲಮ್ಮನವರನ್ನು ಕೇಳಿ, ಅವರು ಕೊಡು ಅಂದ ಮೇಲೆ ಕೊಟ್ಟೆ. ಇಬ್ಬರೂ ಮಾತಾಡಿದರಂತೆ. ಏನು ಮಾತಾಡಿದರು ನನಗೆ ಗೊತ್ತಿಲ್ಲ. ಅವರ ನಡುವೆ ನಾನು ಬೇಕಾಗಿರಲಿಲ್ಲ.

ಶಾಲೆಯಲ್ಲಿ ಈಗಿನ ಪ್ರಿನ್ಸಿಪಾಲರಿಗೂ ಡಿಸ್ಟ್ರಿಕ್ಟಿಗೂ ತಿಳಿಸಿದ್ದೇನೆ; ನಿವೃತ್ತರಾದವರ ಮನೆಗೂ ಹೋಗಿ ಹೇಳಿಬಂದೆ. ವಿಚಾರಣೆ ನಡೆಯುತ್ತಿದೆ. ಲೈಬ್ರರಿಯ ಬೀಗದ ಕೈ ಸದ್ಯ ನನ್ನ ಬಳಿ ಇಲ್ಲ. ಅವರು ಏನು ತೀರ್ಮಾನಿಸಿದರೂ ಅದಕ್ಕೆ ಎದುರಾಡುವುದಿಲ್ಲ.

ಇಷ್ಟನ್ನು ಬರೆದ ಮೇಲೆ ನೀಲಮ್ಮನವರಿಗೆ ಫೋನ್ ಮಾಡಿದೆ. ಇದರಲ್ಲಿ ನಿಮ್ಮ ಹೆಸರಿದೆ, ನೀವಾಡಿದ ಮಾತುಗಳಿವೆ, ನೀವು ಒಪ್ಪಿದರೆ ಮಾತ್ರ ಅಚ್ಚಿಗೆ ಕಳಿಸುತ್ತೇನೆ ಎಂದೆ. ಓದು ಅಂದರು. ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದೆರಡು ಕಡೆ ಅವರ ಕನ್ನಡವನ್ನು ತಪ್ಪಾಗಿ ಬರೆದಿದ್ದೆ, ತಿದ್ದಿಸಿದರು. ಮಗ ಅಂದ ಮಾತನ್ನು ತೆಗೆಯಲೇ ಎಂದು ಕೇಳಿದೆ. ಇರಲಿ, ಅವನೂ ಓದಲಿ, ಎಂದರು.

ಫೋನಿಡುವ ಮೊದಲು ಅವರೇ ಅಂದರು:

"ನಾ ನಿನ್ನ ಕ್ಷಮಿಸೀನಿ ಅಂತ ಎಲ್ಲೂ ಬರೀಬ್ಯಾಡ. ನಾ ಹಂಗ ಅಂದಿಲ್ಲ."

"ಬರೆದಿಲ್ಲ ಆಂಟಿ."

"ಹೂಂ. ಹಂಗಾದ್ರ ಕಳಸು."